ನಮ್ಮ ಐದು ತಾಲ್ಲೂಕಿಗೆ ಮೂರು ರಾಜಧಾನಿ

ನಮ್ಮ ಕಡೆ ಹೆಣ್ಮಕ್ಕಳು ಬೆಂಗಳೂರಿಗೆ ಹೋಗೋದು ಈಗ ದೊಡ್ಡ ಸುದ್ದಿ ಅಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಿಂದಾದ್ರೂ ರಾತ್ರಿ ಬಸ್ ಹತ್ತಿದ್ರೆ ಬೆಳಗಾಗೋದ್ರಾಗ ಮೆಜೆಸ್ಟಿಕ್. ಮಗಳ ಬಾಣಂತನಕ್ಕೆ ಹೋಗೋರು, ಮಗನ ಮನೆಗೆ ರೊಟ್ಟಿ, ಶೇಂಗಾ ಚಟ್ನಿ ಕಟ್ಕಂಡು ಹೋಗೋರು, ಕಿದ್ವಾಯಿ, ಜಯದೇವ, ನಿಮ್ಹಾನ್ಸ್ ಅಂತ ದವಾಖಾನಿ ಚೀಟಿ ಹಿಡ್ಕಂಡು ಹೋಗೋರು, ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗೋರು, ಕಂಪ್ನಿ ಕೆಲಸಕ್ಕೆ ಹೋಗೋ ಹುಡುಗೇರು. ಹೋಗಿ ಬಂದೋರ್ನ "ಏನೇನ್ ನೋಡಿದ್ರಿ ಅಕ್ಕಾ?" ಅಂತ ಕೇಳಿದ್ರೆ ಮಾತ್ರ ಒಂದೇ ಉತ್ತರ. "ಏನ್ ನೋಡೋದವ್ವ, ಬರೀ ಗಾಡಿ, ಬರೀ ಮಂದಿ. ನಾವ್ ಮಾತಾಡಿದ್ರೆ ಯಾವ ಕಡೇರು ಅಂತ ಮಾರಿ ನೋಡ್ತಾರೆ. ಅದು ಅವರ ಊರು."

ಈ "ಅವರ ಊರು" ಅಂಬೋ ಮಾತಿನ ಸಲುವಾಗೇ ಇದನ್ನ ಬರೀತಿದೀನಿ. ಬೆಂಗಳೂರು ನಮ್ಮ ರಾಜಧಾನಿ ಆಗಿದ್ದು ಹೆಂಗೆ, ಯಾವಾಗ, ಅದಕ್ಕಿಂತ ಮುಂಚೆ ನಮ್ಮ ರಾಜಧಾನಿ ಯಾವುದಿತ್ತು ಅಂತ ನಮ್ಮ ಮಕ್ಕಳಿಗೆ ಶಾಲೆಯಾಗೆ ಬಿಡಿಸಿ ಹೇಳೋದಿಲ್ಲ. ಕೆಂಪೇಗೌಡ್ರು ಕಟ್ಟಿದ್ರು ಅಂತ ಒಂದು ಸಾಲು, ವಿಧಾನಸೌಧದ ಒಂದು ಚಿತ್ರ, ಅಷ್ಟೇ. ನಮ್ಮ ಐದು ತಾಲ್ಲೂಕಿನ ಕತೆ ಅದರಾಗಿಲ್ಲ. ಆದ್ರೆ ನಮ್ಮ ಕತೆ ಗೊತ್ತಾದ್ರೆ ಬೆಂಗಳೂರು ನೋಡೋ ಕಣ್ಣೇ ಬ್ಯಾರೆ ಆಗ್ತೈತೆ.

ಮೊದಲ ರಾಜಧಾನಿ: ಹಾದಿ ಮೇಲಿನ ಹಂಪಿ

ನಮ್ಮ ಕಡೆ ಮಂದಿಗೆ ರಾಜಧಾನಿ ಅಂದ್ರೆ ಮೊದಲು ವಿಜಯನಗರ. 1336ರಲ್ಲಿ ಕಟ್ಟಿದ್ದು, 1565ರ ರಕ್ಕಸತಂಗಡಿ ಯುದ್ಧದಾಗೆ ಹಾಳಾಗಿದ್ದು. ಎರಡು ನೂರಕ್ಕಿಂತ ಹೆಚ್ಚು ವರ್ಷ ನಮ್ಮೂರ ಹೊಲದ ಕಂದಾಯ, ನಮ್ಮೂರ ಕೆರೆಯ ಲೆಕ್ಕ ಎಲ್ಲಾ ಅಲ್ಲಿಗೇ ಹೋಗ್ತಿತ್ತು. ದೂರ ಏನಿಲ್ಲ, ಎತ್ತಿನ ಬಂಡಿ ಕಟ್ಟಿದ್ರೆ ಮುಟ್ಟೋ ಊರು.

1443ರಾಗೆ ಪರ್ಷಿಯಾದಿಂದ ಅಬ್ದುಲ್ ರಜಾಕ್ ಅಂಬೋನು ಅಲ್ಲಿಗೆ ಬಂದಿದ್ದ. ಆ ಊರಾಗೆ ಎಲ್ಲಿ ನೋಡಿದ್ರೂ ಗುಲಾಬಿ ಹೂವು ಮಾರ್ತಾರೆ, ಊಟ ಎಷ್ಟು ಮುಖ್ಯವೋ ಈ ಮಂದಿಗೆ ಹೂವೂ ಅಷ್ಟೇ ಮುಖ್ಯ ಅಂತ ಬರೆದಿಟ್ಟಾನೆ. ಮುಂದೆ ಕೃಷ್ಣದೇವರಾಯನ ಕಾಲದಾಗೆ ಬಂದ ಪೋರ್ಚುಗಲ್ಲಿನ ಪಾಯೆಸ್, ಈ ಊರು ರೋಮ್ ಪಟ್ಟಣದಷ್ಟು ದೊಡ್ಡದು ಅಂದ. ಅಷ್ಟು ದೊಡ್ಡ ಊರಿಗೆ ಹೂವು ಎಲ್ಲಿಂದ ಹೋಗಬೇಕು? ನಮ್ಮ ಹಿರೇರು ಹೇಳೋ ಕತೆ ಪ್ರಕಾರ, ಹಡಗಲಿ ಕಡೆಯಿಂದ ತುಂಗಭದ್ರೆ ಹೊಳೆ ಮೇಲೆ ಹಡಗಿನಾಗೆ ಹೂವು ಹಂಪಿಗೆ ಹೋಗ್ತಿತ್ತಂತೆ, ಅದಕ್ಕೇ ಹೂವಿನಹಡಗಲಿ ಅಂತ ಹೆಸರು ಬಂತಂತೆ. ಕತೆ ಇರ್ಲಿ, ಹಡಗಲಿ ಮಲ್ಲಿಗೆ ಘಮ ಮಾತ್ರ ಕತೆ ಅಲ್ಲ. ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ ಜೊತೆಗೆ ಹಡಗಲಿ ಮಲ್ಲಿಗೆಗೂ ಸರ್ಕಾರದಿಂದ ಜಿಐ ಗುರುತು ಸಿಕ್ಕೈತೆ. ಅಂದ್ರೆ ಈ ಹೆಸರಿಟ್ಟು ಬ್ಯಾರೆ ಊರಿನ ಹೂವು ಮಾರೋ ಹಂಗಿಲ್ಲ.

ಈಗ ಬೆಂಗಳೂರಿನ ಒಂದು ಗುಟ್ಟು ಕೇಳ್ರಿ. ಬೆಂಗಳೂರು ಪೇಟೆ ಕಟ್ಟಿದ ಕೆಂಪೇಗೌಡ್ರು ಯಾರ ಕೈಕೆಳಗಿನ ನಾಡಪ್ರಭು? ನಮ್ಮ ವಿಜಯನಗರದ ಅರಸರ ಕೈಕೆಳಗೆ. 1537ರ ಸುಮಾರಿಗೆ ಮಣ್ಣಿನ ಕೋಟೆ ಕಟ್ಟಿ ಪೇಟೆ ಎಬ್ಬಿಸಿದಾಗ ಹಂಪಿಯಾಗೆ ಅಚ್ಯುತರಾಯ ಆಳ್ತಿದ್ದ. ಮುಂದೆ ಅರಸರ ಅಪ್ಪಣೆ ಇಲ್ಲದೆ ತನ್ನದೇ ನಾಣ್ಯ ಹೊಡೆಸಿದ್ದಕ್ಕೆ ಕೆಂಪೇಗೌಡ್ರನ್ನ ಐದು ವರ್ಷ ಆನೆಗೊಂದಿಯಾಗೆ ಸೆರೆ ಇಟ್ಟಿದ್ರು ಅಂತ ಹೇಳ್ತಾರೆ. ಆನೆಗೊಂದಿ ಅಂದ್ರೆ ಹಂಪಿ ಎದುರಿಗೆ, ಹೊಳೆ ಆಚೆ ದಂಡಿ. ನಾವು ತೆಪ್ಪದಾಗೆ ದಾಟಿ ನೋಡಿ ಬರೋ ಊರು. ಬೆಂಗಳೂರು ಕಟ್ಟಿದಾತ ನಮ್ಮ ಮನೆ ಬಾಗಿಲಿಗೆ ಕಪ್ಪ ಕೊಡೋಕೆ ಬರ್ತಿದ್ದ ಕಾಲ ಒಂದಿತ್ತು.

ಎರಡನೇ ರಾಜಧಾನಿ: ಸಮುದ್ರದ ದಂಡಿಯ ಮದರಾಸು

ಹಂಪಿ ಹಾಳಾದ ಮೇಲೆ ನಮ್ಮ ಕಡೆ ಪಾಳೇಗಾರರ ಕಾಲ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆ, ಹಿಂಗೆ ಒಂದೊಂದು ಕೋಟೆ. ಆಮೇಲೆ ಹೈದರಾಲಿ, ಟಿಪ್ಪು. ಟಿಪ್ಪು ಸತ್ತ ಮೇಲೆ ನಮ್ಮ ಸೀಮೆ ಹೈದರಾಬಾದ್ ನಿಜಾಮನ ಪಾಲಿಗೆ ಹೋತು. 1800ರಲ್ಲಿ ನಿಜಾಮ ತನ್ನ ಕಾವಲಿಗಿದ್ದ ಇಂಗ್ಲಿಷರ ದಂಡಿನ ಖರ್ಚಿಗೆ ಅಂತ ಬಳ್ಳಾರಿ, ಅನಂತಪುರ, ಕಡಪಾ ಸೀಮೆಗಳನ್ನೆಲ್ಲಾ ಕಂಪನಿ ಸರ್ಕಾರಕ್ಕೆ ಬಿಟ್ಟುಕೊಟ್ಟ. ಕೊಟ್ಟ ನಾಡು ಅಂತ ಅದಕ್ಕೆ ದತ್ತಮಂಡಲ ಅಂತ ಹೆಸರಾತು. ನಮ್ಮನ್ನ ಯಾರೂ ಕೇಳಲಿಲ್ಲ. ಹೊಲ ಇದ್ದಲ್ಲೇ, ಮನೆ ಇದ್ದಲ್ಲೇ, ರಾಜಧಾನಿ ಮಾತ್ರ ಮದರಾಸಿಗೆ ಹೋತು.

ಹಡಗಲಿಯಿಂದ ಮದರಾಸು ಐನೂರು ಕಿಲೋಮೀಟರಿಗೂ ಮೇಲೆ. ಭೂಮಿ ವ್ಯಾಜ್ಯ ಹೈಕೋರ್ಟಿಗೆ ಹೋತು ಅಂದ್ರೆ ಮದರಾಸು. ಹುಡುಗ ಬಿಎ ಪಾಸಾದ ಅಂದ್ರೆ ಮದರಾಸ್ ಯೂನಿವರ್ಸಿಟಿ. ಅಲ್ಲಿನ ಕಚೇರಿಯಾಗೆ ನಡೆಯೋ ಭಾಷೆ ಇಂಗ್ಲಿಷು, ಕೇಳಿಸೋದು ತಮಿಳು, ತೆಲುಗು. ಕನ್ನಡದೋರು ಆ ದೊಡ್ಡ ಸಂಸ್ಥಾನದ ಮೂಲೆಯಾಗೆ ಒಂದು ಹಿಡಿ ಮಂದಿ: ಬಳ್ಳಾರಿ ಕಡೇರು, ಮಂಗಳೂರು ಕಡೇರು, ಕೊಳ್ಳೇಗಾಲದೋರು.

ಮದರಾಸಿಗೆ ಹೋದೋರು ಈಗ್ಲೂ ನೋಡಬಹುದಾದ ಒಂದು ವಸ್ತು ಐತೆ. ಕುದುರೆ ಮೇಲೆ ಕುಂತ ಥಾಮಸ್ ಮನ್ರೋ ಅಂಬೋ ದೊರೆಯ ದೊಡ್ಡ ಕಂಚಿನ ಮೂರ್ತಿ, ಐಲ್ಯಾಂಡ್ ಮೈದಾನದ ಹತ್ತಿರ ಐತೆ. ಕುದುರೆಗೆ ಜೀನು ಇಲ್ಲ, ಕಾಲಿಡೋ ರಿಕಾಪೂ ಇಲ್ಲ, ಅದೇ ಅದರ ಸೋಜಿಗ. ಈ ಮನ್ರೋ ನಮ್ಮ ದತ್ತಮಂಡಲದ ಮೊದಲ ಕಲೆಕ್ಟರು. 1800ರಿಂದ 1807ರ ತನಕ ಇಲ್ಲೇ ಇದ್ದು ಹೊಲಹೊಲ ಅಳೆಸಿದ. ನಡುವೆ ಜಮೀನ್ದಾರ ಬ್ಯಾಡ, ರೈತ ನೇರವಾಗಿ ಸರ್ಕಾರಕ್ಕೆ ಕಂದಾಯ ಕಟ್ಲಿ ಅಂಬೋ ರೈತವಾರಿ ಪದ್ಧತಿ ಬೇರು ಬಿಟ್ಟಿದ್ದು ನಮ್ಮ ಹೊಲಗಳಾಗೇ. ಮುಂದೆ ಆತ ಮದರಾಸಿನ ಗವರ್ನರ್ ಆದ. 1827ರಾಗೆ ದತ್ತಮಂಡಲ ನೋಡ್ಕಂಡು ಹೋಗೋಣ ಅಂತ ಬಂದೋನು ಕಾಲರಾ ಆಗಿ ಪತ್ತಿಕೊಂಡದಾಗೆ ಸತ್ತ.

ಮದರಾಸ ಸರ್ಕಾರ ಬಿಟ್ಟು ಹೋದ ಕುರುಹು ನಮ್ಮ ಮಾತಿನಾಗೂ ಅದಾವೆ. ಮೈಸೂರು ಸೀಮೆಯಾಗೆ ಊರ ಲೆಕ್ಕ ಬರೆಯೋನು ಶಾನುಭೋಗ, ನಮ್ಮಲ್ಲಿ ಕರಣಂ. ಅವರಲ್ಲಿ ಹೋಬಳಿ, ನಮ್ಮಲ್ಲಿ ಫಿರ್ಕಾ. ಈಗ್ಲೂ ಕರಣಂ ಅವರ ಮನೆ ಅಂತ ಊರೂರಾಗೆ ಒಂದು ಮನೆ ಇರ್ತೈತಲ್ಲ, ಅದು ಆ ಕಾಲದ ಹೆಸರು.

ಇನ್ನೊಂದು ಮಾತು ಹೆಣ್ಮಕ್ಕಳು ತಿಳಕಳ್ಳೇಬೇಕು. ನಮ್ಮ ಐದು ತಾಲ್ಲೂಕು ಆಗ ನಾಲ್ಕು ಸರ್ಕಾರದ ಗಡಿಯಾಗೆ ಕುಂತಿದ್ವು. ಹಡಗಲಿಯಿಂದ ಹೊಳೆ ದಾಟಿದ್ರೆ ಧಾರವಾಡ ಜಿಲ್ಲೆ, ಅದಕ್ಕೆ ಮುಂಬಯಿ ಸರ್ಕಾರ. ಕೊಪ್ಪಳದ ಕಡೆ ಹೋದ್ರೆ ನಿಜಾಮನ ಸರ್ಕಾರ, ಅಲ್ಲಿ ರೊಕ್ಕವೇ ಬ್ಯಾರೆ. ಉಜ್ಜಿನಿ ದಾಟಿ ಜಗಳೂರಿಗೆ, ಹರಪನಹಳ್ಳಿ ದಾಟಿ ದಾವಣಗೆರೆಗೆ ಹೋದ್ರೆ ಮೈಸೂರು ಮಹಾರಾಜರ ಸರ್ಕಾರ. ನಮ್ಮ ಕಡೆ ಹೆಣ್ಣು ಕೊಡೋದು ತರೋದು ಈ ಎಲ್ಲಾ ಊರಿಗೂ ಇತ್ತು. ತವರುಮನೆಗೆ ಒಂದು ಸರ್ಕಾರ, ಗಂಡನ ಮನೆಗೆ ಇನ್ನೊಂದು. ಪಂಚಮಿಗೆ ತವರಿಗೆ ಹೋಗೋ ಹೆಣ್ಮಗಳು ಸರ್ಕಾರ ದಾಟಿ ಹೋಗ್ತಿದ್ಲು. ಏಕೀಕರಣ ಅಂಬೋ ದೊಡ್ಡ ಮಾತಿನ ಒಳಗೆ ಈ ಸಣ್ಣ ಮಾತೂ ಐತೆ.

1953ರ ಅಕ್ಟೋಬರ್ 1

ತೆಲುಗರಿಗೆ ಬ್ಯಾರೆ ರಾಜ್ಯ ಬೇಕು ಅಂತ ಪೊಟ್ಟಿ ಶ್ರೀರಾಮುಲು ಮದರಾಸಿನಾಗೆ ಉಪವಾಸ ಕುಂತು 1952ರ ಡಿಸೆಂಬರ್ 15ಕ್ಕೆ ಪ್ರಾಣ ಬಿಟ್ರು. ನಾಲ್ಕು ದಿನಕ್ಕೇ ನೆಹರೂ ಅವರು ಆಂಧ್ರ ರಾಜ್ಯ ಮಾಡ್ತೀವಿ ಅಂತ ಹೇಳಬೇಕಾತು. ಆಗ ಎದ್ದ ಪ್ರಶ್ನೆ: ಬಳ್ಳಾರಿ ಜಿಲ್ಲೆ ಯಾರಿಗೆ? ಜಿಲ್ಲೆಯಾಗೆ ಕನ್ನಡದೋರೂ ಇದ್ರು, ತೆಲುಗರೂ ಇದ್ರು. ವಾಂಛೂ ಅಂಬೋ ನ್ಯಾಯಮೂರ್ತಿ ವರದಿ ಕೊಟ್ರು. ಬಳ್ಳಾರಿ ತಾಲ್ಲೂಕಿನ ತಕರಾರು ತೀರದೆ ಮಿಶ್ರಾ ಅಂಬೋ ಇನ್ನೊಬ್ಬ ನ್ಯಾಯಮೂರ್ತಿನ್ನ ನೇಮಿಸಬೇಕಾತು. ಕೊನೆಗೆ ಆದೋನಿ, ಆಲೂರು, ರಾಯದುರ್ಗ ಈ ಮೂರು ತಾಲ್ಲೂಕು ಆಂಧ್ರಕ್ಕೆ ಹೋದ್ವು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಈ ಏಳು ಮೈಸೂರು ರಾಜ್ಯಕ್ಕೆ ಬಂದ್ವು. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನಾಗೇ ಇತ್ತು.

1953ರ ಅಕ್ಟೋಬರ್ 1. ಆ ದಿನ ಆದೋನಿಯೋರಿಗೆ ರಾಜಧಾನಿ ಕರ್ನೂಲು ಆತು, ನಮಗೆ ಬೆಂಗಳೂರು ಆತು. ಕರ್ನಾಟಕದ ಏಕೀಕರಣ ಅಂದ್ರೆ ಎಲ್ರೂ 1956ರ ನವೆಂಬರ್ 1 ಅಂತಾರೆ. ನಾವು ಅದಕ್ಕಿಂತ ಮೂರು ವರ್ಷ ಒಂದು ತಿಂಗಳು ಮೊದಲೇ ಬಂದೋರು. ಧಾರವಾಡ, ರಾಯಚೂರು, ಮಂಗಳೂರಿನೋರಿಗಿಂತ ಮುಂಚೆ ಬೆಂಗಳೂರು ನಮ್ಮ ರಾಜಧಾನಿ ಆತು.

ಸುಮ್ನೆ ಆಗಲಿಲ್ಲ. ಬಳ್ಳಾರಿಯಾಗೆ ಆ ದಿನಗಳಲ್ಲಿ ಎರಡೂ ಕಡೆ ಬಿಸಿ ಏರಿತ್ತು. ವಿಜಯೋತ್ಸವಕ್ಕೆ ಅಂತ ಹಾಕಿದ್ದ ಚಪ್ಪರ ಕಾಯ್ತಿದ್ದ ರಂಜಾನ್ ಸಾಬ್ ಅಂಬೋರ ಮೇಲೆ ಆಸಿಡ್ ಎರಚಿದ್ರು, ಅವರು ಉಳೀಲಿಲ್ಲ. ಪಿಂಜಾರ ಕುಲದ, ಕನ್ನಡದ ಸಲುವಾಗಿ ಹಗಲುರಾತ್ರಿ ಓಡಾಡಿದ ಮನುಷ್ಯ. ಬೆಂಗಳೂರು ನಮಗೆ ರಾಜಧಾನಿ ಆಗೋಕೆ ಒಂದು ಜೀವ ಹೋಗೈತೆ. ನಮ್ಮ ಮಕ್ಕಳಿಗೆ ಆ ಹೆಸರು ಗೊತ್ತಿರಬೇಕು.

ಆ ವರ್ಷ ನಮಗೆ ಬರೀ ಸಂತೋಷದ ವರ್ಷ ಅಲ್ಲ ಅಂಬೋದನ್ನೂ ಹೇಳಬೇಕು. ತುಂಗಭದ್ರಾ ಡ್ಯಾಮಿನಿಂದ ಕಾಲುವೆಗೆ ನೀರು ಬಿಟ್ಟಿದ್ದೂ 1953ರಾಗೇ. ಡ್ಯಾಮಿನ ಹಿನ್ನೀರಿಗೆ ನಾರಾಯಣದೇವರಕೆರೆಯಂಥ ತುಂಬಿದ ಊರುಗಳು ಮುಳುಗಿದ್ವು. ಒಂದು ಕಡೆ ಹೊಸ ರಾಜ್ಯದ ಚಪ್ಪರ, ಇನ್ನೊಂದು ಕಡೆ ಮನೆ ತೊಲೆ ಬಿಚ್ಕಂಡು ಬ್ಯಾರೆ ಊರಿಗೆ ಹೋಗೋ ಬಂಡಿಗಳು.

ಆ ಅಕ್ಟೋಬರ್ 1ಕ್ಕೇ ಕೊಟ್ಟೂರಾಗೆ ಒಂದು ಗಂಡು ಕೂಸು ಹುಟ್ಟಿತು. ಮುಂದೆ ಕುಂ. ವೀರಭದ್ರಪ್ಪ ಅಂತ, ಕುಂವೀ ಅಂತ ಹೆಸರಾದ್ರು. ನಮ್ಮ ಕೂಡ್ಲಿಗಿ-ಕೊಟ್ಟೂರು ಸೀಮೆ ಮಾತಿನಾಗೇ ಕತೆ, ಕಾದಂಬರಿ ಬರೆದ್ರು. "ಅರಮನೆ" ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಬಸ್ಸಿನಾಗೆ ನಮ್ಮ ಮಾತು ಕೇಳಿ ಯಾರಾದ್ರೂ ನಕ್ಕರೆ ಈ ಸಂಗತಿ ನೆನಪಿರ್ಲಿ.

ಮೂರನೇ ರಾಜಧಾನಿ: ಹೋದಾಗ ಏನ್ ನೋಡಬೇಕು

ಈಗ ಬೆಂಗಳೂರಿಗೆ ಬರ್ರಿ. ನೀವು ಬಸ್ ಇಳಿಯೋ ಮೆಜೆಸ್ಟಿಕ್ಕಿನಿಂದಲೇ ಶುರು ಮಾಡೋಣ. ಕೆಂಪೇಗೌಡ ಬಸ್ ನಿಲ್ದಾಣ ಐತಲ್ಲ, ಅದು ಧರ್ಮಾಂಬುಧಿ ಕೆರೆಯ ಅಂಗಳ. ಹಿಂದಕ್ಕೆ ಪೇಟೆಗೆ ಕುಡಿಯೋ ನೀರು ಕೊಡ್ತಿದ್ದ ಕೆರೆ. ಕಂಠೀರವ ಸ್ಟೇಡಿಯಂ ಇರೋದು ಸಂಪಂಗಿ ಕೆರೆಯ ಅಂಗಳದಾಗೆ. ಹೊಳೆ ಇಲ್ಲದ ಊರು ಅದು, ಕೆರೆ ಕಟ್ಟಿಯೇ ಬದುಕಿದ್ದು. ಕೆರೆ ಮುಚ್ಚಿದ ಮೇಲೆ ಈಗ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ, ಪಂಪು ಹಚ್ಚಿ ಮೇಲಕ್ಕೆ ಎತ್ತಬೇಕು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಎತ್ತರದಾಗೆ ಐತೆ, ಅದಕ್ಕೇ ಅಲ್ಲಿ ನಮ್ಮ ಕಡೆಯಂಥ ಬಿಸಿಲಿಲ್ಲ, ಅದಕ್ಕೇ ನೀರು ತಾನಾಗಿ ಹರಿದು ಬರೋದೂ ಇಲ್ಲ. ಮಗಳ ಮನೆ ನಲ್ಲಿಯಾಗೆ ನೀರು ಬಿಟ್ಟಾಗ ಇದು ನೆನಪಾದ್ರೆ ಒಂದು ಬಿಂದಿಗೆ ಕಡಿಮೆ ಚೆಲ್ತೀವಿ.

ಹೆಸರಿನ ಕತೆ ಎಲ್ಲರಿಗೂ ಗೊತ್ತು. ವೀರಬಲ್ಲಾಳ ರಾಜನಿಗೆ ಮುದುಕಿ ಬೆಂದ ಕಾಳು ಕೊಟ್ಲು, ಬೆಂದಕಾಳೂರು ಬೆಂಗಳೂರು ಆತು ಅಂತ. ಕೇಳೋಕೆ ಚೆಂದ. ಆದ್ರೆ ಬೇಗೂರು ನಾಗೇಶ್ವರ ಗುಡಿಯಾಗೆ ಒಂದು ವೀರಗಲ್ಲು ಐತೆ, ಸುಮಾರು ಕ್ರಿ.ಶ. 890ರದ್ದು. ಅದರಾಗೆ ಬೆಂಗಳೂರು ಕಾಳಗ ಅಂತ ಕೆತ್ತ್ಯಾರೆ. ವೀರಬಲ್ಲಾಳ ಆಳಿದ್ದು ಅದಕ್ಕಿಂತ ಸುಮಾರು 300 ವರ್ಷ ಆದ ಮೇಲೆ. ಮುದುಕಿ ಕಾಳು ಬೇಯಿಸೋಕೆ ಮುಂಚೇನೇ ಊರಿಗೆ ಹೆಸರಿತ್ತು.

ಪೇಟೆಗೆ ಹೋಗ್ರಿ. ಚಿಕ್ಕಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ. ಹೆಸರು ಓದಿದ್ರೇ ಯಾವ ಓಣ್ಯಾಗೆ ಏನ್ ಸಿಗ್ತಿತ್ತು, ಯಾರು ಇದ್ರು ಅಂತ ಗೊತ್ತಾಗ್ತೈತೆ. ನಮ್ಮೂರಾಗೆ ಕುಂಬಾರ ಓಣಿ, ಗಾಣಿಗೇರ ಓಣಿ ಇದ್ದಂಗೆ, ಅಷ್ಟೇ. ಕೆಂಪೇಗೌಡ್ರ ಕೋಟೆ ಬಾಗಿಲು ನಿಲ್ಲಲಿಲ್ಲ ಅಂತ ಸೊಸೆ ಲಕ್ಷ್ಮೀದೇವಿ ತನ್ನ ಜೀವ ಕೊಟ್ಲು ಅಂಬೋ ಕತೆ ಅಲ್ಲಿಯೋರು ಹೇಳ್ತಾರೆ, ಕೋರಮಂಗಲದಾಗೆ ಆಕೆ ಸಮಾಧಿ ಐತೆ. ಕೆರೆಗೆ ಹಾರದ ಭಾಗೀರಥಿ ಕತೆ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಕೋಟೆ ಇರ್ಲಿ, ಕೆರೆ ಇರ್ಲಿ, ಬಲಿಗೆ ಸೊಸೆಯೇ ಬೇಕಾಗಿತ್ತು ಈ ಕತೆಗಳಿಗೆ.

ಈ ಊರು ಒಂದು ಸಲ ಮಾರಾಟಕ್ಕೂ ಬಂದಿತ್ತು. 1680ರ ದಶಕದ ಕೊನೆಗೆ ಮೊಗಲರು ಗೆದ್ದುಕೊಂಡು, ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮೂರು ಲಕ್ಷ ರೂಪಾಯಿಗೆ ಬಿಟ್ಟುಕೊಟ್ರು. ಈಗ ಅಲ್ಲಿ ಮೂರು ಲಕ್ಷಕ್ಕೆ ಮನೆ ಬಾಗಿಲೂ ಬರೋದಿಲ್ಲ.

ಲಾಲ್‌ಬಾಗಿಗೆ ಹೋಗೋಕೆ ಮೆಜೆಸ್ಟಿಕ್ಕಿನಿಂದ ಹಸಿರು ಗೆರೆ ಮೆಟ್ರೋ ಹತ್ತಿದ್ರೆ ಸಾಕು, ಲಾಲ್‌ಬಾಗ್ ಅಂತಲೇ ನಿಲ್ದಾಣ ಐತೆ. ಹೈದರಾಲಿ 1760ರಾಗೆ ಶುರು ಮಾಡಿದ ತೋಟ. ಗಾಜಿನ ಮನೆಗೆ ಕಲ್ಲು ಹಾಕಿದ್ದು 1889ರಾಗೆ. ಜನವರಿ, ಆಗಸ್ಟ್ ತಿಂಗಳಾಗೆ ಫಲಪುಷ್ಪ ಪ್ರದರ್ಶನ. ಹೂವಿಗಿಂತ ನಾನು ಹೇಳೋದು ಅಲ್ಲಿನ ಬಂಡೆ ನೋಡ್ರಿ ಅಂತ. ಸುಮಾರು 300 ಕೋಟಿ ವರ್ಷದ ಹಳೇ ಕಲ್ಲದು. ನಮ್ಮ ಗುಡೇಕೋಟೆ ಬಂಡೆ ನೋಡಿದೋರಿಗೆ ಅದು ಸಣ್ಣದು ಅನ್ನಿಸೀತು. ಅದರ ಮೇಲೆ ಕೆಂಪೇಗೌಡ ಗೋಪುರ ಐತೆ, ಊರಿನ ನಾಲ್ಕು ಗಡಿ ಗೋಪುರದಾಗೆ ಒಂದು. ಅದು ಊರಿನ ಎಲ್ಲೆ ಆಗಿತ್ತು. ಈಗ ಆ ಎಲ್ಲೆಯಿಂದ ಆಚೆಗೆ ಬಸ್ಸಿನಾಗೆ ಎರಡು ತಾಸು ಹೋದ್ರೂ ಊರು ಮುಗಿಯೋದಿಲ್ಲ.

ಬಸವನಗುಡಿ ಕಡ್ಲೆಕಾಯಿ ಪರಿಷೆಗೆ ಕಾರ್ತಿಕದ ಕೊನೆ ಸೋಮವಾರ ಹೋಗ್ರಿ. ದೊಡ್ಡ ಬಸವಣ್ಣ ಹೊಲ ಮೇಯ್ತಿದ್ದ, ಮೇಯಬ್ಯಾಡಪ್ಪ ಅಂತ ರೈತರು ಮೊದಲ ಫಸಲು ಆತನಿಗೇ ತಂದಿಟ್ರು, ಅದೇ ಪರಿಷೆ ಆತು ಅಂತ ಕತೆ. ಅಲ್ಲಿ ಶೇಂಗಾ ಅಂತ ಕೇಳಿದ್ರೆ ಕಡ್ಲೆಕಾಯಾ ಅಂತಾರೆ. ಮಂಡಕ್ಕಿ ಅಂದ್ರೆ ಪುರಿನಾ ಅಂತಾರೆ. ಉಳ್ಳಾಗಡ್ಡಿ ಅಂದ್ರೆ ಈರುಳ್ಳಿನಾ ಅಂತಾರೆ. ಹೌದು ಅಂದು ತಗಂಡು ಬರ್ರಿ. ಶೇಂಗಾ ಕಿತ್ತು, ಬಡಿದು, ಒಣಗಿಸಿ ಕೈ ಗಟ್ಟಿ ಆದೋರು ನಾವು, ಅದರ ಹೆಸರು ನಾವ್ ಹೇಳಿದ್ದೂ ಸರಿನೇ.

ಚೈತ್ರದ ಹುಣ್ಣಿಮೆ ರಾತ್ರಿ ಇದ್ರೆ ಕರಗ ನೋಡ್ರಿ. ತಿಗಳರ ಹಬ್ಬ, ದ್ರೌಪದಮ್ಮನ ಹಬ್ಬ. ಗಂಡಸು ಹೆಣ್ಣಿನ ವೇಷ ತೊಟ್ಟು, ಮಲ್ಲಿಗೆ ಮುಚ್ಚಿದ ಕರಗ ತಲೆ ಮೇಲೆ ಹೊತ್ತು, ಕೈ ಮುಟ್ಟಿಸದಂಗೆ ಪೇಟೆ ಎಲ್ಲಾ ಸುತ್ತುತಾನೆ. ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರ್ತೈತೆ ಕರಗ. ನಮ್ಮ ಊರೂರ ಮೊಹರಂ ಹಬ್ಬದಾಗೆ ಎಲ್ಲಾ ಜಾತಿಯೋರು ಅಲಾಯಿ ಕುಣಿಯೋದು ನೋಡಿದೋರಿಗೆ ಇದೂ ಮನೆ ಹಬ್ಬದಂಗೇ ಕಾಣ್ತೈತೆ.

ದವಾಖಾನಿಗೆ ಹೋಗೋರಿಗೂ ಒಂದು ಕತೆ ಐತೆ. ಮಾರ್ಕೆಟ್ ಹತ್ತಿರ ವಿಕ್ಟೋರಿಯಾ, ಪಕ್ಕದಾಗೆ ಹೆಣ್ಮಕ್ಕಳ ಮತ್ತು ಕೂಸುಗಳ ವಾಣಿವಿಲಾಸ. ವಾಣಿವಿಲಾಸ ಅಂದ್ರೆ ಯಾರು? ಮೈಸೂರಿನ ರಾಣಿ ಕೆಂಪನಂಜಮ್ಮಣ್ಣಿ. 1894ರಾಗೆ ಗಂಡ ಚಾಮರಾಜೇಂದ್ರ ಒಡೆಯರು ತೀರಿಕೊಂಡಾಗ ಮಗ ಇನ್ನೂ ಸಣ್ಣೋನು. 1895ರಿಂದ 1902ರ ತನಕ ರಾಜ್ಯ ಆಕೆಯೇ ಆಳಿದ್ಲು. 1898ರಾಗೆ ಬೆಂಗಳೂರಿಗೆ ಪ್ಲೇಗ್ ಬಿದ್ದು ಮನೆಮನೆ ಖಾಲಿ ಆದಾಗ ಆಳ್ತಿದ್ದಾಕೆ ಆಕೆ. ಇಕ್ಕಟ್ಟಿನ ಪೇಟೆ ಬಿಟ್ಟು ಬಸವನಗುಡಿ, ಮಲ್ಲೇಶ್ವರ ಬೆಳೆದಿದ್ದು ಆ ಪ್ಲೇಗಿನಿಂದ. ವಿಕ್ಟೋರಿಯಾ ಆಸ್ಪತ್ರೆ ತೆರೆದಿದ್ದು 1900ರಾಗೆ, ಶಿವನಸಮುದ್ರದ ಕರೆಂಟು ಹರಿದಿದ್ದು 1902ರಾಗೆ, ಎರಡೂ ಆಕೆ ಕಾಲದಾಗೇ. ಗಂಡ ಸತ್ತ ಹೆಣ್ಮಗಳನ್ನ ಮೂಲೆಗೆ ಕೂರಿಸ್ತಿದ್ದ ಕಾಲದಾಗೆ ಒಬ್ಬ ವಿಧವೆ ಏಳು ವರ್ಷ ನಾಡು ನಡೆಸಿದ್ಲು. ವಾಣಿವಿಲಾಸದ ಮುಂದೆ ಚೀಟಿ ಹಿಡಿದು ನಿಂತಾಗ ಆ ಹೆಸರಿಗೆ ಒಂದು ಸಲ ಕೈ ಮುಗೀರಿ.

ವಿಧಾನಸೌಧದ ಮುಂದೆ ನಿಂತಾಗ

ಇದಕ್ಕೆ ನೇರಳೆ ಗೆರೆ ಮೆಟ್ರೋ, ಅಂಬೇಡ್ಕರ್ ಅವರ ಹೆಸರಿನ ವಿಧಾನಸೌಧ ನಿಲ್ದಾಣ. ಇಳಿದ್ರೆ ಒಂದು ಕಡೆ ಕೆಂಪು ಕಟ್ಟಡ, ಇನ್ನೊಂದು ಕಡೆ ಕಲ್ಲಿನ ಕಟ್ಟಡ. ಕೆಂಪು ಕಟ್ಟಡ ಅಠಾರಾ ಕಚೇರಿ, 1868ರಾಗೆ ಮುಗಿದಿದ್ದು. ಅಠಾರಾ ಅಂದ್ರೆ ಹಿಂದಿಯಾಗೆ ಹದಿನೆಂಟು, ಹದಿನೆಂಟು ಇಲಾಖೆ ಅಲ್ಲಿ ಕುಂತಿದ್ವು. ಈಗ ಹೈಕೋರ್ಟು. 1831ರಾಗೆ ಇಂಗ್ಲಿಷರು ಮಹಾರಾಜರ ಕೈಯಿಂದ ಆಡಳಿತ ತಗಂಡು ಕಚೇರಿಗಳನ್ನ ಬೆಂಗಳೂರಿಗೆ ತಂದ್ರು. ಅವತ್ತಿನಿಂದ ಅರಮನೆ ಮೈಸೂರಾಗೆ, ಕಚೇರಿ ಬೆಂಗಳೂರಾಗೆ. ರಾಜ ಇರೋ ಊರಲ್ಲ, ಕಾಗದ ಇರೋ ಊರು ರಾಜಧಾನಿ ಆತು.

ಕಲ್ಲಿನ ಕಟ್ಟಡಕ್ಕೆ ನೆಹರೂ ಅವರು ಅಡಿಗಲ್ಲು ಇಟ್ಟಿದ್ದು 1951ರ ಜುಲೈ 13ಕ್ಕೆ. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿ ಆದ ಮೇಲೆ ಮೊದಲಿನ ನಕ್ಷೆ ಬದಲು ಮಾಡಿಸಿ ದೊಡ್ಡದಾಗಿ ಕಟ್ಟಿಸಿದ್ರು. ಉದ್ದ 700 ಅಡಿ, ಅಗಲ 350 ಅಡಿ. ಜೈಲಿನ ಕೈದಿಗಳೂ ಕಲ್ಲು ಹೊತ್ತ್ಯಾರೆ. ಖರ್ಚು ಎರಡು ಕೋಟಿಯೊಳಗೆ, ಆ ಕಾಲಕ್ಕೆ ಅದೇ ಬಹಳ ಆತು ಅಂತ ಗದ್ದಲ ಎದ್ದಿತು. 1956ರಾಗೆ ಮನೆ ಮುಗಿಯೋ ಹೊತ್ತಿಗೆ ಕಟ್ಟಿಸಿದಾತ ಕುರ್ಚಿ ಮೇಲೆ ಇರಲಿಲ್ಲ. ಬಾಗಿಲ ಮೇಲೆ ಸರ್ಕಾರದ ಕೆಲಸ ದೇವರ ಕೆಲಸ ಅಂತ ಕನ್ನಡದಾಗೇ ಬರೆಸ್ಯಾರೆ.

ಇಲ್ಲಿ ಒಂದು ಲೆಕ್ಕ ಹಾಕ್ರಿ. ನಾವು ಬಂದಿದ್ದು 1953ರ ಅಕ್ಟೋಬರಿನಾಗೆ. ಆಗ ಈ ಗೋಡೆ ಇನ್ನೂ ಏಳ್ತಿದ್ವು. ಹೊಸ ಮನೆ ಕಟ್ಟೋವಾಗ ಮನೆ ತುಂಬಿದ ಸೊಸೆ ಇದ್ದಂಗೆ ನಾವು. ಗೃಹಪ್ರವೇಶದ ದಿನ ನಾವು ಕರೆಸಿಕೊಂಡು ಬಂದ ನೆಂಟರಲ್ಲ, ಒಳಗೇ ಇದ್ದೋರು. ಮುಂದೆ ಹಡಗಲಿಯಿಂದ ಆರಿಸಿ ಹೋದ ಎಂ.ಪಿ. ಪ್ರಕಾಶ್ ಅವರು ಇದೇ ಮನೆಯಾಗೆ ಉಪಮುಖ್ಯಮಂತ್ರಿ ಆದ್ರು. ಪ್ರತಿ ವರ್ಷ ಮೈಲಾರದ ಗೊರವಯ್ಯ ಬಿಲ್ಲು ಏರಿ ಹೇಳೋ ಒಂದು ಸಾಲು ಕಾರಣಿಕವನ್ನ ಬೆಂಗಳೂರಿನ ಪೇಪರಿನೋರು ಬರಕಂಡು, ಯಾರ ಕುರ್ಚಿ ಉಳೀತೈತೆ, ಯಾರದ್ದು ಹೋಗ್ತೈತೆ ಅಂತ ಅರ್ಥ ಹೇಳ್ತಾರೆ. ನಮ್ಮ ಮಾತಿಗೆ ಆ ಊರು ಕಿವಿ ಕೊಡೋದಿಲ್ಲ ಅಂಬೋದು ಪೂರ್ತಿ ಖರೆ ಅಲ್ಲ.

ಇದೆಲ್ಲಾ ಯಾಕೆ ಬೇಕು ಅಂದ್ರೆ, ರಾಜಧಾನಿಯಾಗೆ ಬರೆಯೋ ಒಂದು ಗೆರೆ ನಮ್ಮ ಅಡಿಗೆಮನೆ ತನಕ ಬರ್ತೈತೆ. ಹರಪನಹಳ್ಳಿಯಾಗೆ 1950ರಲ್ಲಿ ಹುಟ್ಟಿದ ಒಬ್ಬ ಅಜ್ಜಿನ್ನ ನೆನೆಸಿಕಳ್ರಿ. ಹುಟ್ಟಿದಾಗ ಮದರಾಸು ರಾಜ್ಯ, ಬಳ್ಳಾರಿ ಜಿಲ್ಲೆ. 1953ಕ್ಕೆ ಮೈಸೂರು ರಾಜ್ಯ. 1973ಕ್ಕೆ ಕರ್ನಾಟಕ. 1997ಕ್ಕೆ ದಾವಣಗೆರೆ ಜಿಲ್ಲೆ. 2018ಕ್ಕೆ ಮತ್ತೆ ಬಳ್ಳಾರಿ. 2021ಕ್ಕೆ ವಿಜಯನಗರ ಜಿಲ್ಲೆ. ಆಕೆ ಮನೆ ಬಿಟ್ಟು ಕದಲಿಲ್ಲ, ವಿಳಾಸ ಮಾತ್ರ ಐದು ಸಲ ಬದಲಾತು.

ನಡುವೆ ಬಳ್ಳಾರಿಗೆ ವಾಪಸ್ ಬಂದಿದ್ದಕ್ಕೆ ಕಾರಣ ಐತೆ. 2013ರಲ್ಲಿ ಸಂವಿಧಾನದ 371(ಜೆ) ಕಲಮು ಜಾರಿ ಆದಾಗ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಜೊತೆ ಬಳ್ಳಾರಿ ಜಿಲ್ಲೆ ಮಕ್ಕಳಿಗೂ ಓದಿನ ಸೀಟಿನಾಗೆ, ಸರ್ಕಾರಿ ನೌಕರಿಯಾಗೆ ಮೀಸಲಾತಿ ಸಿಕ್ಕಿತು. ಹರಪನಹಳ್ಳಿ ಆಗ ದಾವಣಗೆರೆಯಾಗಿತ್ತು, ಅದಕ್ಕೆ ಹೊರಗುಳೀತು. ಪಕ್ಕದ ಕೊಟ್ಟೂರಿನ ಹುಡುಗಿಗೆ ಸಿಗೋದು ಹರಪನಹಳ್ಳಿ ಹುಡುಗಿಗೆ ಸಿಗ್ತಿರಲಿಲ್ಲ. ಮಂದಿ ಹೋರಾಟ ಮಾಡಿದ್ರು, ಕೇಳಿದ್ರು, ಮತ್ತೆ ಕೇಳಿದ್ರು, ಕೊನೆಗೆ ಸೇರಿಸಿದ್ರು. ಕೇಳದಿದ್ರೆ ಆಗ್ತಿರಲಿಲ್ಲ. 1800ರಾಗೆ ನಮ್ಮನ್ನ ಕೇಳದೆ ಮದರಾಸಿಗೆ ಕೊಟ್ರು. 1953ರಾಗೆ, 2018ರಾಗೆ ನಾವು ಕೇಳಿ ತಗಂಡ್ವಿ. ನನಗೆ ಈ ಇತಿಹಾಸದಾಗೆ ದೊಡ್ಡದು ಅನ್ನಿಸೋದು ಇದೇ.

2014ರ ನವೆಂಬರ್ 1ಕ್ಕೆ ಬ್ಯಾಂಗಲೋರ್ ಹೋಗಿ ಬೆಂಗಳೂರು ಅಂತ ಆದ ದಿನವೇ ಬೆಳ್ಳಾರಿ ಅಂತ ಇಂಗ್ಲಿಷಿನಾಗೆ ಬರೀತಿದ್ದದ್ದು ಬಳ್ಳಾರಿ ಆತು, ಹಾಸ್ಪೆಟ್ ಹೊಸಪೇಟೆ ಆತು. ಒಂದೇ ಆದೇಶದಾಗೆ ರಾಜಧಾನಿಯ ಹೆಸರೂ ನಮ್ಮ ಹೆಸರೂ ನೆಟ್ಟಗಾದ್ವು.

ಅದಕ್ಕೇ ಅಕ್ಕಾ, ಅತ್ತೆ, ತಂಗೇರೇ, ಇನ್ನೊಂದ್ ಸಲ ಬೆಂಗಳೂರಿಗೆ ಹೋದಾಗ ಮಗನ ಮನೆ ನಾಲ್ಕು ಗೋಡೆಯಾಗೆ ಕುಂತು ಬರಬ್ಯಾಡ್ರಿ. ಮೊಮ್ಮಕ್ಕಳ ಕೈ ಹಿಡಕಂಡು ವಿಧಾನಸೌಧದ ತನಕ ಹೋಗಿ, ಇದು ಕಟ್ಟೋವಾಗ ನಾವು ಬಂದ್ವಿ ನೋಡು ಅಂತ ಹೇಳ್ರಿ. ನಮ್ಮ ಮಾತಿನಾಗೇ ಹೇಳ್ರಿ. ಕಚೇರಿ ಕಿಟಕಿಯಾಗೆ ಯಾರಾದ್ರೂ ಯಾವ ಕಡೇರು ಅಂತ ಕೇಳಿದ್ರೆ ಊರ ಹೆಸರು ಗಟ್ಟಿಯಾಗೇ ಹೇಳ್ರಿ.

ಮತ್ತೆ ಇನ್ನೊಂದು ಕೆಲಸ. ನಿಮ್ಮ ಮನೆ ಹಳೇ ಟ್ರಂಕಿನಾಗೆ, ಜಂತಿಗೆ ಸಿಗಿಸಿದ ತಗಡಿನ ಕೊಳವಿಯಾಗೆ, ಮದರಾಸ ಸರ್ಕಾರದ ಕಾಲದ ಪಟ್ಟಾ, ಮಾರಾಟದ ಪತ್ರ, ಮಾರ್ಕ್ಸ್ ಕಾರ್ಡ್ ಇದ್ರೂ ಇರಬಹುದು. ಹುಳ ಹತ್ತೈತೆ ಅಂತ ಒಲೆಗೆ ಹಾಕಬ್ಯಾಡ್ರಿ. ಬಿಸಿಲಿಗೆ ಹಿಡಿದು, ಬೇವಿನ ಸೊಪ್ಪು ಇಟ್ಟು, ಬಟ್ಟೆಯಾಗೆ ಸುತ್ತಿ ಇಡ್ರಿ. ಮೇಲಿನ ಮುದ್ರೆ ನೋಡ್ರಿ, ವರ್ಷ ನೋಡ್ರಿ. ನಮ್ಮ ರಾಜಧಾನಿ ಯಾವ ವರ್ಷ ಎಲ್ಲಿತ್ತು ಅಂತ ಆ ಕಾಗದದಾಗೇ ಬರೆದೈತೆ.